ಕೊಟ್ಟಿಗೆಯ ಕಂಬಗಳ ವಿಚಾರ

ಪ್ರೀತಿಯ ತಮ್ಮಾ,

ಕೊಟ್ಟಿಗೆ ಬಿಚ್ಚಿಸಿ ಹೊಸದಾಗಿ ಕಟ್ಟಿಸ್ತಿದ್ದೀಯಂತೆ. ಕಂಬಕ್ಕೂ ಪಕಾಸಿಗೂ ಹಿತ್ತಲ ಬೇಲಿಯ ಸಿಲ್ವರ್ ಓಕ್ ಕಡಿಸಿ ಆಯ್ತಂತೆ, ಬುಡಕ್ಕೆ ಬಳಿಯೋಕೆ ಗ್ಯಾರೇಜಿನಿಂದ ಹಳೇ ಎಂಜಿನ್ ಆಯಿಲ್ ಬಂದಿದೆಯಂತೆ. ಎಲ್ಲ ಅಮ್ಮನಿಂದ ತಿಳೀತು. ಮರ ಯಾಕೆ ಕೊಳೆಯುತ್ತೆ ಅಂತ ನೋಡಿಯೇ ಸಂಬಳ ತಗೊಳ್ಳೋ ಅಕ್ಕ ಇರುವಾಗ ಗ್ಯಾರೇಜಿನವನ ಸಲಹೆ ಕೇಳಿದೆಯಲ್ಲ, ಅದಕ್ಕೇ ಈ ಉದ್ದದ ಕಾಗದ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಆಯ್ತು ಮಾರಾಯ್ತಿ" ಅಂತೀಯ.

ಕಿತ್ತು ಹಾಕಿದ ಹಳೇ ಕಂಬಗಳು ಇನ್ನೂ ಅಂಗಳದಲ್ಲಿದ್ದರೆ ಒಂದನ್ನು ಹೊರಳಿಸಿ ನೋಡು. ಮೇಲ್ಭಾಗ ಗಟ್ಟಿ ಇರುತ್ತೆ. ಆಳದಲ್ಲಿ ಹೂತಿದ್ದ ತುದಿಯೂ ಹೆಚ್ಚಾಗಿ ಗಟ್ಟಿಯೇ. ತಿಂದು ಹೋಗಿರೋದು ನೆಲಮಟ್ಟದ ಒಂದು ಗೇಣು. ಮರ ಕೊಳೆಸೋ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು, ಎರಡೂ ಒಟ್ಟಿಗೇ ಬೇಕು. ಮರದ ತೇವ ಶೇಕಡಾ 20ರ ಕೆಳಗಿದ್ದರೆ ಅದರ ಆಟ ನಡೆಯೋದಿಲ್ಲ, ಪೂರ್ತಿ ನೀರಲ್ಲಿ ಮುಳುಗಿಸಿಟ್ಟರೂ ನಡೆಯೋದಿಲ್ಲ. ನೆಲಮಟ್ಟದಲ್ಲಿ ಮಾತ್ರ ಎರಡೂ ಧಾರಾಳ. ಅದರ ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಗಂಜಲ ಬೇರೆ.

ಇನ್ನು ನಿನ್ನ ಆಯಿಲ್. ಬ್ರಷ್ಷಿನಲ್ಲಿ ಬಳಿದದ್ದು ಒಂದೆರಡು ಮಿಲಿಮೀಟರ್ ಇಳಿದರೆ ಹೆಚ್ಚು. ಬೇಸಿಗೆಗೆ ಕಂಬ ಒಣಗಿ ಸೀಳು ಬಿಟ್ಟಿತೋ, ಒರಲೆಗೆ ಬಾಗಿಲು ತೆರೆದಂತೆಯೇ. ಬಾವಿ ಇರೋದು ಕೊಟ್ಟಿಗೆಯ ಕೆಳಗೆ ಅನ್ನೋದನ್ನೂ ನೆನಪಿಟ್ಟುಕೋ.

ಅಜ್ಜನ ಕಾಲದ ಕಂಬ ಏನೂ ಬಳಿಯದೆ ನಿಂತಿತ್ತಲ್ಲ ಅಂತೀಯ. ಅದು ಹೊನ್ನೆಯ ಚೇಗು ಕಣೋ. ಮರ ಬಲಿಯುತ್ತಾ ಒಳಭಾಗಕ್ಕೆ ತನ್ನದೇ ಕಹಿ, ತನ್ನದೇ ವಿಷ ತುಂಬಿಕೊಳ್ಳುತ್ತೆ, ಹುಳುವಿಗೂ ಬೂಸ್ಟಿಗೂ ಅದು ಆಗಿಬರೋದಿಲ್ಲ. ಹೊರಗಿನ ಬಿಳಿ ಭಾಗ ಬರೀ ಹಿಟ್ಟು-ಸಕ್ಕರೆ. ಬೇಗ ಬೆಳೆಸಿ ಬೇಗ ಕಡಿಯೋ ಇವತ್ತಿನ ಮರಗಳಲ್ಲಿ ಆ ಬಿಳಿಯೇ ಹೆಚ್ಚು, ಸಿಲ್ವರ್ ಓಕಿನಲ್ಲಂತೂ ಚೇಗಿಗೂ ತಾಳಿಕೆ ಕಡಿಮೆ. ನೂರು ವರ್ಷದ ಹೊನ್ನೆ ಇನ್ನು ನಮಗೆ ಸಿಗೋದಿಲ್ಲ, ಸಿಕ್ಕರೂ ಕಡಿಯಬಾರದು. ಬಲಿಯದ ಮರಕ್ಕೆ ಆ ತಾಳಿಕೆಯನ್ನು ನಾವು ಹೊರಗಿನಿಂದ ಕೊಡೋದು ಹೇಗೆ ಅನ್ನೋದೇ ನಮ್ಮ ಸಂಶೋಧನೆಯ ಅರ್ಧ ಕಥೆ.

ಈ ಕಥೆಯ ದೊಡ್ಡ ಹೆಸರು ನಮ್ಮ ದೇಶದವರದ್ದೇ, ಸೊಂಟಿ ಕಾಮೇಶಂ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದವರು. 1933ರಲ್ಲಿ ತಾಮ್ರ, ಆರ್ಸೆನಿಕ್, ಕ್ರೋಮಿಯಂ ಮೂರನ್ನೂ ಒಂದೇ ದ್ರಾವಣದಲ್ಲಿ ಸೇರಿಸಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತೆ, ಆರ್ಸೆನಿಕ್ ಹುಳುವನ್ನು ಕೊಲ್ಲುತ್ತೆ. ಜಾಣತನ ಇರೋದು ಮೂರನೆಯದರಲ್ಲಿ. ಕ್ರೋಮಿಯಂ ಮರದೊಳಗೆ ರೂಪ ಬದಲಿಸಿ ಉಳಿದೆರಡನ್ನೂ ನಾರಿಗೆ ಕಚ್ಚಿಸಿಬಿಡುತ್ತೆ, ಮಳೆ ಹೊಡೆದರೂ ಸುಲಭಕ್ಕೆ ತೊಳೆದು ಹೋಗೋದಿಲ್ಲ. ದೊಡ್ಡ ಉಕ್ಕಿನ ಉರುಳೆಯೊಳಗೆ ಮರ ತುಂಬಿ, ಮೊದಲು ಗಾಳಿ ಎಳೆದು, ಆಮೇಲೆ ಒತ್ತಡ ಹಾಕಿ ದ್ರಾವಣ ನುಗ್ಗಿಸ್ತಾರೆ. ತಮಾಷೆ ಅಂದ್ರೆ, ಬೇಗ ಕೊಳೆಯೋ ಬಿಳಿ ಭಾಗವೇ ಔಷಧಿಯನ್ನು ಚೆನ್ನಾಗಿ ಕುಡಿಯೋದು, ಚೇಗಿಗೆ ಏನು ಮಾಡಿದರೂ ಇಳಿಯೋದಿಲ್ಲ. ವಿದ್ಯುತ್ ಕಂಬ, ಬೇಲಿ, ಜೆಟ್ಟಿ ಅಂತ ಅರ್ಧ ಪ್ರಪಂಚ ಈ ಹಸಿರು ಛಾಯೆಯ ಮರವನ್ನೇ ನೆಟ್ಟಿತು.

ಆದರೆ ಆರ್ಸೆನಿಕ್ ಆರ್ಸೆನಿಕ್ಕೇ. ಮಕ್ಕಳು ಆಡೋ ಜಾರುಬಂಡೆ, ಉಯ್ಯಾಲೆಯ ಚೌಕಟ್ಟು ಎಲ್ಲ ಇದೇ ಮರದ್ದಾಗಿದ್ದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಗೆ ಇದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಕಾಮೇಶಂ ಮೇಲಿನ ನನ್ನ ಗೌರವ ಇದರಿಂದ ಕಮ್ಮಿಯಾಗಿಲ್ಲ, ಲಕ್ಷಾಂತರ ಮರ ಕಡಿಯೋದನ್ನು ತಪ್ಪಿಸಿದ ಮನುಷ್ಯ ಅವರು. ಆದರೆ ಕೊಟ್ಟಿಗೆಗೆ ಆ ಕಂಬ ತರಬೇಡ. ಹಸುಗಳು ಉಪ್ಪಿನಾಸೆಗೆ ಕಂಬ ನೆಕ್ಕೋದು ನಿನಗೆ ಗೊತ್ತೇ ಇದೆ. ಎಲ್ಲಿಂದಾದರೂ ಅಂಥ ತುಂಡು ಸಿಕ್ಕಿದರೂ ಬಚ್ಚಲೊಲೆಗೆ ಹಾಕಬೇಡ. ವಿಷ ಬೂದಿಯಲ್ಲಿ ಉಳಿಯುತ್ತೆ, ಹೊಗೆಯಲ್ಲೂ ಇರುತ್ತೆ, ಆ ಬೂದಿ ನಮ್ಮಲ್ಲಿ ಹೋಗೋದು ತೋಟಕ್ಕೆ.

ನನಗೆ ಹೆಚ್ಚು ಇಷ್ಟವಾಗೋದು ವಿಷವನ್ನೇ ಹಾಕದ ದಾರಿ. ಅಸಿಟಿಕ್ ಅನ್‌ಹೈಡ್ರೈಡ್ ಅನ್ನೋ ರಾಸಾಯನಿಕದ ಜೊತೆ ಮರವನ್ನು ಬಿಸಿಮಾಡಿದರೆ, ನಾರಿನಲ್ಲಿ ನೀರು ಹಿಡಿದುಕೊಳ್ಳೋ ಜಾಗಗಳೆಲ್ಲ ಭರ್ತಿಯಾಗಿಬಿಡುತ್ತವೆ. ಮರ ಉಬ್ಬೋದಿಲ್ಲ, ಶಿಲೀಂಧ್ರಕ್ಕೆ ಒಳಗೆ ನೀರೂ ಸಿಗೋದಿಲ್ಲ, ಅದಕ್ಕೆ ಜೀರ್ಣವಾಗೋ ರೂಪದಲ್ಲಿ ಮರವೂ ಇರೋದಿಲ್ಲ. ಕೊನೆಗೆ ಹೊರಗೆ ಬೀಳೋದು ವಿನಿಗರಿನ ಆಮ್ಲ. ಸಾಧಾರಣ ಪೈನ್ ಮರಕ್ಕೆ ನೆದರ್ಲೆಂಡ್ಸಿನ ಆರ್ನೆಮ್‌ನಲ್ಲಿ 2007ರಿಂದ ಕಾರ್ಖಾನೆ ಮಟ್ಟದಲ್ಲೇ ಹೀಗೆ ಮಾಡ್ತಿದ್ದಾರೆ. ನೆಲದ ಮೇಲಿನ ಬಳಕೆಗೆ 50 ವರ್ಷದ ಖಾತರಿ. ಅಲ್ಲಿನ ಸ್ನೇಕ್ ಪಟ್ಟಣದ ಹೆದ್ದಾರಿ ಮೇಲೆ 2008ರಲ್ಲಿ ಈ ಮರದಿಂದ ಸೇತುವೆಯನ್ನೇ ಕಟ್ಟಿದ್ದಾರೆ, ಭಾರದ ಗಾಡಿಗಳೂ ಓಡಾಡೋಷ್ಟು ಗಟ್ಟಿ. ಬೆಲೆ ಕೇಳಬೇಡ, ನಮ್ಮ ಕೊಟ್ಟಿಗೆಗೆ ಬರೋದಲ್ಲ ಅದು.

ಇಂಥದ್ದನ್ನೆಲ್ಲ ಪರೀಕ್ಷೆ ಮಾಡೋ ಜಾಗಕ್ಕೆ ನಾವು ಸ್ಮಶಾನ ಅಂತಲೇ ಹೇಳೋದು. ಮೊಳದುದ್ದದ ಗೂಟಗಳನ್ನು ಅರ್ಧ ಹೂತು ಸಾಲಾಗಿ ನಿಲ್ಲಿಸಿರ್ತಾರೆ, ಪ್ರತಿಯೊಂದಕ್ಕೂ ನಂಬರಿನ ತಗಡು. ನಿಗದಿತ ಕಾಲಕ್ಕೊಮ್ಮೆ ಕಿತ್ತು, ಮಣ್ಣು ಕೊಡವಿ, ಚೂಪಾದ ಸಲಾಕೆಯಿಂದ ಚುಚ್ಚಿ ನೋಡೋದು. ಏನೂ ಹಾಕದ ಗೂಟ ಹೊರಗಿಂದ ನೆಟ್ಟಗೇ ಕಾಣುತ್ತೆ, ಹಿಡಿದೆತ್ತಿದರೆ ಮೇಲಿನ ಅರ್ಧ ಕೈಗೆ ಬಂದು ಕೆಳಗಿನದ್ದು ಅಲ್ಲೇ ಉಳಿಯುತ್ತೆ, ಒಳಗೆಲ್ಲ ಒರಲೆ ಮಣ್ಣು.

ಈಗ ನೀನು ಮಾಡಬೇಕಾದ್ದು ಕೇಳು. ಕಂಬದ ಬುಡ ನೆಲಕ್ಕೆ ತಾಗೋದೇ ಬೇಡ. ಒಂದೂವರೆ ಅಡಿ ಎತ್ತರದ ಕಲ್ಲು ಹೂಳಿಸಿ, ನಡುವೆ ಕಬ್ಬಿಣದ ಗೂಟ ಕೊಡಿಸಿ ಅದರ ಮೇಲೆ ಕಂಬ ಕೂರಿಸಲು ಆಚಾರ್ರಿಗೆ ಹೇಳು. ಒರಲೆ ಕಲ್ಲನ್ನೂ ಹತ್ತುತ್ತೆ, ಆದರೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಹತ್ತಬೇಕು, ಕಣ್ಣಿಗೆ ಬೀಳುತ್ತೆ, ಪೊರಕೆಯಲ್ಲಿ ಉಜ್ಜಿದರಾಯ್ತು. ಪಕಾಸಿಗೂ ರೀಪಿಗೂ ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರು ಸಾಕು. ಮಳೆಗೆ ತೊಳೆದು ಹೋಗೋ ಔಷಧಿ ಅದು, ಆದರೆ ಹೆಂಚಿನ ಕೆಳಗೆ ಮಳೆ ಎಲ್ಲಿ ಬರುತ್ತೆ? ಅದು ಮರದೊಳಗೆ ಹೋಗೋದು ಮರದ್ದೇ ನೀರಿನ ಮೂಲಕ, ಹಾಗಾಗಿ ಕೊಯ್ದ ಹಸಿ ಮರವನ್ನೇ ಅದ್ದಿ ತೆಗೆದು, ಒತ್ತಾಗಿ ಪೇರಿಸಿ, ಟಾರ್ಪಾಲು ಬಿಗಿಯಾಗಿ ಮುಚ್ಚಿ ಕೆಲವು ವಾರ ಬಿಡಬೇಕು. ಅಜ್ಜ ಬಿದಿರನ್ನು ಹಳ್ಳದಲ್ಲಿ ಮುಳುಗಿಸಿಡ್ತಿದ್ದದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ, ಅಲ್ಲಿ ಹಿಟ್ಟನ್ನು ಹೊರಗೆ ಕಳಿಸೋದು, ಇಲ್ಲಿ ಔಷಧಿಯನ್ನು ಒಳಗೆ ಕಳಿಸೋದು.

ಒಣಗಿತೋ, ಈ ಕೆಲಸ ಕೆಟ್ಟಿತು. ಅದಕ್ಕೇ ಈ ವಾರವೇ ಮಿಲ್ಲಿಗೆ ಹಾಕಿಸು. ಪಕಾಸು ಎಷ್ಟು, ಅಳತೆ ಎಷ್ಟು ಅಂತ ಆಚಾರ್ರನ್ನು ಕೇಳಿ ಬರೆದು ಕಳಿಸು, ಎಷ್ಟು ಕೇಜಿ ಬೇಕು ಅಂತ ಲೆಕ್ಕ ಹಾಕಿ ನಾನೇ ಇಲ್ಲಿಂದ ಬಸ್ಸಿಗೆ ಹಾಕ್ತೀನಿ. ಆಯಿಲ್ ಡಬ್ಬ ಗ್ಯಾರೇಜಿಗೆ ವಾಪಸ್ ಕೊಡು.

ನಿನ್ನ ಅಕ್ಕ