ಮುರಿದ ಪಾಟಾ, ಮರೆತ ಅಳತೆ

ಹೊಸಪೇಟೆಯಿಂದ ಕೂಡ್ಲಿಗಿ ಹಾಯ್ದು ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ನಂಬರು ಹಿಂದೆ 13 ಇತ್ತು, ಈಗ 50. ಈ ದಾರಿಯನ್ನು ನೋಡುತ್ತ ಬಂದವರಿಗೆ ನಂಬರಿಗಿಂತ ಹೆಚ್ಚಾಗಿ ಅದರ ಬದಿಯ ಕಸುಬು ಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಲಾರಿಯ ಪಾಟಾ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಮುರಿದರೆ ಮೊದಲು ಕುಲುಮೆಗೆ ಒಯ್ಯುತ್ತಿದ್ದರು. ಬಂಡಿಯ ಗಾಲಿಗೆ ಹಳಿ ಏರಿಸುತ್ತಿದ್ದ ಕೈಗಳೇ ಪಾಟಾಕ್ಕೂ ಬಾಗು ಕೊಡುತ್ತಿದ್ದವು. ಟಾಟಾದವರ ಟೆಲ್ಕೊ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆ ಕಾಲದ ಬೆಂಜ್, ಪ್ರೀಮಿಯರ್‌ನವರ ಫಾರ್ಗೊ ಮತ್ತು ಡಾಡ್ಜ್, ಹಿಂದೂಸ್ತಾನ್ ಮೋಟರ್ಸ್‌ನ ಬೆಡ್‌ಫೋರ್ಡ್ ಇವುಗಳಲ್ಲಿ ಒಂದೊಂದು ಇನ್ನೂ ಯಾರದೋ ಕಣದಲ್ಲೋ ಶೆಡ್ಡಿನಲ್ಲೋ ಉಳಿದಿದ್ದರೆ, ಅದರ ಪಾಟಾ ಅಂಗಡಿಯಲ್ಲಿ ಸಿಗುವುದಿಲ್ಲ. ಸಾಮಾನು ಸಿಗದಿರುವುದೇ ತೊಂದರೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಉಕ್ಕಿನ ಪಟ್ಟಿ ಇವತ್ತೂ ಸಿಗುತ್ತದೆ, ಅಳತೆ ತೆಗೆಯುವ ಕಣ್ಣು ಅಪರೂಪವಾಗಿದೆ.

ಪಾಟಾದ ಲೆಕ್ಕವೇ ಬೇರೆ. ಅಗಲ ಹೆಚ್ಚಿದಷ್ಟೇ ಬಿಗುವು ಹೆಚ್ಚುತ್ತದೆ, ಆದರೆ ದಪ್ಪ ಹೆಚ್ಚಿದರೆ ಅದು ಘನದ ಲೆಕ್ಕದಲ್ಲಿ ಏರುತ್ತದೆ. 10 ಮಿಲಿಮೀಟರಿನ ಪಟ್ಟಿ ಇದ್ದ ಜಾಗಕ್ಕೆ 11ರದ್ದು ಹಾಕಿದರೆ ಅದೊಂದು ಪಟ್ಟಿಯ ಬಿಗುವು ಮೂರನೇ ಒಂದು ಭಾಗದಷ್ಟು ಏರಿಬಿಡುತ್ತದೆ. ಒಂದು ಮಿಲಿಮೀಟರಲ್ಲಿ ಏನಾಗುತ್ತದೆ ಎಂದು ಹೊಸ ಲಾರಿಯ ಪಾಟಾ ಕತ್ತರಿಸಿ ಕೂಡಿಸಿದರೆ, ಗಾಡಿ ನಿಲ್ಲುವುದೇನೋ ನೆಟ್ಟಗೇ ನಿಂತೀತು. ಆದರೆ ಗುಂಡಿಗೆ ಇಳಿದಾಗಿನ ಪೆಟ್ಟನ್ನು ಪಾಟಾ ನುಂಗದೆ ಚಾಸಿಗೆ ದಾಟಿಸುತ್ತದೆ, ಐವತ್ತು ವರ್ಷದ ರಿವೆಟ್ಟುಗಳು ಸಡಿಲುತ್ತವೆ. ಸೆಂಟರ್ ಬೋಲ್ಟಿನ ತೂತಿನಿಂದ ಪಟ್ಟಿಯ ತುದಿಯ ಸುರುಳಿಗೆ, ಅಂದರೆ ಮುಂದಿನ ಕಣ್ಣಿಗೆ ಎಷ್ಟು, ಹಿಂದಿನ ಕಣ್ಣಿಗೆ ಎಷ್ಟು ಎಂಬುದನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು. ಎಷ್ಟೋ ಗಾಡಿಗಳಲ್ಲಿ ಎರಡೂ ಸಮ ಇರುವುದಿಲ್ಲ. ಸಮ ಎಂದುಕೊಂಡು ಮಾಡಿಸಿದರೆ ಆಕ್ಸಲ್ ಓರೆಯಾಗಿ ಟೈರು ಒಂದೇ ಬದಿಗೆ ಸವೆಯುತ್ತದೆ.

ಅಳತೆ ತೆಗೆಯುವ ಕಣ್ಣು ಮಬ್ಬಾದದ್ದು ಯಾವಾಗ? ಬಡತನದ ಕಾಲದಲ್ಲಲ್ಲ, ದುಡ್ಡು ಹರಿದ ಕಾಲದಲ್ಲಿ. ಸಂಡೂರು, ಹೊಸಪೇಟೆ ಸುತ್ತ 2000ದ ನಂತರ ಅದಿರಿನ ಭರಾಟೆ ಎದ್ದಾಗ ಲಾರಿಗಳಿಗೆ ಬೇಕಾದದ್ದು ಅಳತೆಯಲ್ಲ, ಭಾರ. ಇದ್ದ ಪಾಟಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಪಟ್ಟಿ ಸೇರಿಸಿ ಯು ಬೋಲ್ಟ್ ಬಿಗಿದು ಕಳಿಸುವುದೇ ಕೆಲಸವಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲುಸಾಲಾಗಿ ನಿಂತವು. ಅಷ್ಟರಲ್ಲಿ ಕಲಿಯಬೇಕಿದ್ದ ಒಂದು ತಲೆಮಾರು ಪಟ್ಟಿ ಸೇರಿಸುವುದನ್ನಷ್ಟೇ ಕಲಿತಿತ್ತು.

ಕುಲುಮೆಯವರ ಕೈಗೆ ಜೀವ ಒಪ್ಪಿಸುವುದೇ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಪಾಟಾದ ಉಕ್ಕನ್ನು ಸುಮಾರು 900 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಅದ್ದಿ, ಆಮೇಲೆ 450ರಿಂದ 550ರೊಳಗೆ ಮತ್ತೆ ಕಾಯಿಸಿ ಹದ ಮಾಡಬೇಕು. ಇದ್ದಿಲ ಬೆಂಕಿಯ ಕೆಂಪು ನೋಡಿ ಅಷ್ಟು ಖಚಿತವಾಗಿ ಹೇಳಲಾಗದು. ಮುರಿದ ಮೇನ್ ಪಟ್ಟಿಗೆ ವೆಲ್ಡಿಂಗ್ ಹಾಕುವುದಂತೂ ಸಾವಿಗೆ ಕರೆ ಕಳಿಸಿದಂತೆ. ಹಾಗಾಗಿ ಹದದ ಕೆಲಸ ಭಟ್ಟಿ ಇರುವ ಕಾರ್ಖಾನೆಯಲ್ಲೇ ಆಗಲಿ. ಆದರೆ ಕಾರ್ಖಾನೆಗೆ ಕೊಡುವ ಅಳತೆ ಇಲ್ಲಿಂದಲೇ ಹೋಗಬೇಕಲ್ಲ! ಇಷ್ಟೆಲ್ಲ ಯಾಕೆ, ಗುಜರಿಗೆ ಹಾಕಿದರಾಯಿತು ಎನ್ನುವವರಿಗೆ ಕಾನೂನೂ ಜೊತೆಗಿದೆ: 2021ರ ವಿಂಟೇಜ್ ನೋಂದಣಿ ನಿಯಮ ಐವತ್ತು ವರ್ಷ ದಾಟಿದ ಬೈಕಿಗೂ ಕಾರಿಗೂ ಗೌರವ ಕೊಟ್ಟಿತು, ಲಾರಿಯನ್ನು ಹೊರಗೇ ಬಿಟ್ಟಿತು. ಈ ಸೀಮೆಯ ಜೋಳ, ಶೇಂಗಾ, ಈರುಳ್ಳಿಯನ್ನು ಪೇಟೆ ಮುಟ್ಟಿಸಿದ್ದು ಕಾರಲ್ಲ. ಈ ನಿಯಮ ತಿದ್ದಬೇಕು.

ಅಲ್ಲಿಯವರೆಗೆ, ಪಾಟಾ ಮುರಿದ ದಿನ ತುಂಡುಗಳನ್ನು ಮಾರಬೇಡಿ. ತೊಳೆದು, ಮುರಿದ ಬಾಯಿಗಳನ್ನು ಕೂಡಿಸಿ ಗಾರೆ ನೆಲದ ಮೇಲೆ ಮಗ್ಗುಲಾಗಿಡಿ, ಬಾಗಿನಗುಂಟ ಸೀಮೆಸುಣ್ಣದ ಗೆರೆ ಎಳೆಯಿರಿ. ಇನ್ನೊಂದು ಬದಿಯ ಪಾಟಾವನ್ನೂ ಬಿಚ್ಚಿ ಅದೇ ಗೆರೆಯ ಮೇಲಿಟ್ಟು ನೋಡಿ, ಅದೂ ಕುಸಿದಿರಬಹುದು. ದಪ್ಪ ಅಳೆಯುವಾಗ ತುಕ್ಕು ತಿಂದ ತುದಿ ಬಿಟ್ಟು, ಯು ಬೋಲ್ಟಿನಡಿ ಮುಚ್ಚಿಕೊಂಡಿದ್ದ ನಡುಭಾಗಕ್ಕೆ ಕ್ಯಾಲಿಪರ್ ಹಿಡಿಯಿರಿ.