ಪರ್ಮಿಟ್ ಹಸಿರಾದರೆ ಸಾಕೇ?

ನಮ್ಮ ನರಿಮೊಗರಿನಲ್ಲಿ ದೊಡ್ಡ ಕಾರ್ಖಾನೆಗಳಿಲ್ಲ. ಇಲ್ಲಿರುವುದು ಅಡಿಕೆ ತೋಟ, ರಬ್ಬರ್ ಮರ, ಪುತ್ತೂರಿನಿಂದ ಸುಬ್ರಹ್ಮಣ್ಯದತ್ತ ಸಾಗುವ ರೈಲು ಹಳಿ. ಆದರೂ ‘ಶಟ್‌ಡೌನ್’ ಎಂಬ ಶಬ್ದ ನಮಗೆ ಹೊಸದಲ್ಲ. ಸುರತ್ಕಲ್ ಬಳಿಯ ಎಂಆರ್‌ಪಿಎಲ್‌ಗೋ, ಸೌದಿಯ ಜುಬೈಲ್‌ಗೋ, ಅಬುಧಾಬಿಯ ರುವೈಸ್‌ಗೋ ಮಗ ‘ಶಟ್‌ಡೌನಿಗೆ ಹೋಗಿದ್ದಾನೆ’ ಎಂದರೆ ಮನೆಯವರಿಗೆ ಎಲ್ಲವೂ ಅರ್ಥವಾಗುತ್ತದೆ. ಒಂದೆರಡು ತಿಂಗಳ ದುಡಿಮೆ, ಹನ್ನೆರಡು ಗಂಟೆಯ ಪಾಳಿ, ಆಮೇಲೆ ಮರಳಿ ಊರು. ಫಿಟ್ಟರ್‌ಗಳಾಗಿ, ಅಟ್ಟಣಿಗೆ ಕಟ್ಟುವವರಾಗಿ ಹಾಗೆ ಹೋಗಿ ಬಂದವರು ನಾವು.

ಹಗಲಿರುಳು ಓಡುವ ತೈಲ ಶುದ್ಧೀಕರಣಾಗಾರವನ್ನು ಕೆಲವು ವರ್ಷಗಳಿಗೊಮ್ಮೆ ನಿಲ್ಲಿಸಿ, ಟ್ಯಾಂಕು, ಕೊಳವೆ, ಕವಾಟಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುವುದೇ ಶಟ್‌ಡೌನ್. ನಿಂತ ಪ್ರತಿ ದಿನವೂ ಕಂಪೆನಿಗೆ ನಷ್ಟ. ಆದ್ದರಿಂದ ಸಾವಿರಾರು ಮಂದಿ ಒಟ್ಟಿಗೆ ಒಳನುಗ್ಗುತ್ತಾರೆ. ಅಲ್ಲಿ ನಮ್ಮ ಜೀವಕ್ಕೆ ಇರುವ ಭದ್ರತೆ ‘ಪರ್ಮಿಟ್’. ಈ ಕೊಳವೆಯಲ್ಲಿ ಅನಿಲವಿಲ್ಲ, ಆ ಕವಾಟಕ್ಕೆ ಬೀಗ ಬಿದ್ದಿದೆ, ನೀವು ಒಳಗಿಳಿಯಬಹುದು ಎಂಬ ಒಪ್ಪಿಗೆ ಪತ್ರ ಅದು.

ಆ ಪತ್ರ ಕಣ್ತಪ್ಪಿದರೆ ಏನಾಗುತ್ತದೆಂಬುದನ್ನು ಜಗತ್ತು 1988ರ ಜುಲೈ 6ರಂದು ಕಂಡಿತು. ಉತ್ತರ ಸಮುದ್ರದ ‘ಪೈಪರ್ ಆಲ್ಫಾ’ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷಾ ಕವಾಟವನ್ನು ರಿಪೇರಿಗೆ ಕಳಚಲಾಗಿತ್ತು. ಅದನ್ನು ತಿಳಿಸುವ ಪರ್ಮಿಟ್ ರಾತ್ರಿ ಪಾಳಿಯವರ ಗಮನಕ್ಕೆ ಬರಲಿಲ್ಲ. ಇನ್ನೊಂದು ಪಂಪು ನಿಂತಾಗ ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಬೆಂಕಿ ಹತ್ತಿತು. 167 ಮಂದಿ ಸತ್ತರು.

ಇಂದು ಎಷ್ಟೋ ಕಡೆ ಕಾಗದದ ಜಾಗಕ್ಕೆ ಟ್ಯಾಬ್ ಬಂದಿದೆ. ಯಾವ ಕವಾಟಕ್ಕೆ ಯಾರ ಬೀಗ, ಟ್ಯಾಂಕಿನೊಳಗೆ ಎಷ್ಟು ಜನ, ಯಾವ ಪರ್ಮಿಟ್ ಇನ್ನೂ ತೆರೆದಿದೆ ಎಂಬುದೆಲ್ಲ ಪರದೆಯ ಮೇಲೆ ಕಾಣುತ್ತದೆ. ಒಂದೇ ಪಂಪಿನ ಎರಡು ಪರ್ಮಿಟ್‌ಗಳು ಒಂದನ್ನೊಂದು ಕಾಣದೆ ಉಳಿಯುವ ಭಯ ಕಡಿಮೆಯಾಗಿದೆ. ಸಹಿಗಾಗಿ ಗಂಟೆಗಟ್ಟಲೆ ಬಿಸಿಲಲ್ಲಿ ಕಾಯುವ ಕಷ್ಟವೂ ತಪ್ಪಿದೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಪರದೆಯೂ ಸುಳ್ಳು ಹೇಳಬಲ್ಲದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ಶುದ್ಧೀಕರಣಾಗಾರದಲ್ಲಿ, ರಿಪೇರಿ ಮುಗಿಸಿದ ಘಟಕವೊಂದನ್ನು ಮತ್ತೆ ಚಾಲೂ ಮಾಡುತ್ತಿದ್ದರು. ಗೋಪುರದೊಳಗೆ ದ್ರವ ಮಿತಿಮೀರಿ ಏರುತ್ತಿದ್ದರೂ ಪರದೆಯ ಅಂಕಿ ಇಳಿಯುತ್ತಿತ್ತು. ಸ್ಫೋಟದಲ್ಲಿ ಸತ್ತ 15 ಮಂದಿಯೂ ಗುತ್ತಿಗೆ ಕೆಲಸಗಾರರು, ನಮ್ಮಂಥವರು.

ಕೊಲ್ಲಿಯ ಒಂದು ಕಾರ್ಖಾನೆಯಲ್ಲಿ ನಮ್ಮ ತಂಡ ಟ್ಯಾಂಕಿಗಿಳಿಯಬೇಕಿತ್ತು. ಟ್ಯಾಬ್‌ನಲ್ಲಿ ಪರ್ಮಿಟ್ ಹಸಿರಾಗಿತ್ತು. “ಕಾಕ, ಹಸಿರು ಬಂತು, ಇಳಿಯುವನಾ?” ಎಂದ ಹುಡುಗ. “ನಿಲ್ಲು ಮಗಾ, ಬ್ಲೈಂಡ್ ನೋಡಿ ಬರ್ತೇನೆ” ಎಂದರು ನಮ್ಮ ಹಿರಿಯ ಫಿಟ್ಟರ್. ಬ್ಲೈಂಡ್ ಎಂದರೆ ಕೊಳವೆಯನ್ನು ಅಡ್ಡಗಟ್ಟುವ ಉಕ್ಕಿನ ತಟ್ಟೆ. ಅಲ್ಲಿ ಅದರ ಚೀಟಿ ತೂಗಾಡುತ್ತಿತ್ತು, ತಟ್ಟೆ ಇರಲಿಲ್ಲ. ಯಾರೋ ಚೀಟಿಯನ್ನಷ್ಟೇ ಸ್ಕ್ಯಾನ್ ಮಾಡಿ ಹೋಗಿದ್ದರು. ಅರ್ಧ ದಿನದ ಕೆಲಸ ನಿಂತಿತು. ಫೋರ್‌ಮನ್ ಮುಖ ಗಂಟಿಕ್ಕಿದ. ಎಂಟು ಜೀವ ಉಳಿಯಿತೆಂದು ಯಾರೂ ಲೆಕ್ಕ ಬರೆಯಲಿಲ್ಲ. ಮುಂದಿನ ಶಟ್‌ಡೌನಿಗೆ ಆ ಹಿರಿಯರಿಗೆ ಕರೆ ಬರಲಿಲ್ಲ.

ನಮ್ಮ ಮಾತು ಇಷ್ಟೆ. ಟ್ಯಾಬ್ ಬರಲಿ. ಆದರೆ ಅದು ಇಂಗ್ಲಿಷಿನಲ್ಲಷ್ಟೇ ಮಾತಾಡದಿರಲಿ. ಕನ್ನಡ, ಹಿಂದಿ, ಮಲಯಾಳಂ ಓದುವವನಿಗೂ ತನ್ನ ಪರ್ಮಿಟ್‌ನಲ್ಲಿ ಏನಿದೆಯೆಂದು ತಿಳಿಯಲಿ. ‘ಕೆಲಸ ಮುಗಿಯಿತು’ ಎಂಬ ಗುಂಡಿಯ ಪಕ್ಕದಲ್ಲೇ ‘ಇದು ಸರಿಯಿಲ್ಲ, ನಿಲ್ಲಿಸಿ’ ಎಂಬ ಗುಂಡಿಯೂ ಇರಲಿ. ಅದನ್ನು ಒತ್ತಿದವನ ಹೆಸರು ಮುಂದಿನ ಪಟ್ಟಿಯಿಂದ ಅಳಿಸಿಹೋಗದಿರಲಿ. ಎಷ್ಟು ದಿನ ಉಳಿಸಿದೆವೆಂದು ಲೆಕ್ಕ ಹಾಕುವ ಯಂತ್ರಕ್ಕೆ, ಒಳಹೋದವರಷ್ಟೂ ಹೊರಬಂದರೇ ಎಂಬ ಲೆಕ್ಕವೇ ಮೊದಲನೆಯದಾಗಬೇಕು. ಊರಿನಲ್ಲಿ ಫೋನ್ ಹಿಡಿದು ಕಾಯುವ ತಾಯಿ ಕೇಳುವುದೂ ಅದೊಂದನ್ನೇ.