ಡಿಟೆಕ್ಟರ್ ಹೊಟ್ಟೆಯೊಳಗಿನ ತೇವ

ಹುನಗುಂದದಲ್ಲಿ ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಹಾಸಿದ ಹಳೇ ಪೇಪರಿನ ಮೇಲೆ ಮೆಟಲ್ ಡಿಟೆಕ್ಟರ್ ಅಂಗಾತ ಬಿದ್ದಿದೆ. ಬಾದಾಮಿ ಕಡೆಯ ರೈತರೊಬ್ಬರದು. ಮಣ್ಣಲ್ಲಿ ಹೂತುಹೋದ ವಾಲ್ವು, ಕುಂಟೆಯಿಂದ ಕಳಚಿದ ಕಬ್ಬಿಣ ಹುಡುಕಲು ಊರವರೆಲ್ಲ ಇದನ್ನೇ ಕೇಳಿ ಒಯ್ಯುತ್ತಾರೆ. ಮಳೆಗಾಲ ಪೂರ್ತಿ ಪಂಪ್‌ಸೆಟ್ ಕೋಣೆಯ ಮೂಲೆಗೆ ನಿಂತಿತ್ತು. ಈಗ ಸ್ವಿಚ್ ಹಾಕಿದರೆ ಸಾಕು, ಏನೂ ಇಲ್ಲದ ಕಡೆಯೂ ಕೀಂ ಎಂದು ಚೀರುತ್ತದೆ.

"ಕಾಯಿಲ್ ಸುಟ್ಟೈತೇನ್ರಿ?" ರೈತರು ಹೊಸ್ತಿಲ ಬಳಿ ಕೂತೇ ಕೇಳುತ್ತಾರೆ.

ಮಲ್ಟಿಮೀಟರ್ ಹಚ್ಚಿ ನೋಡಿದರೆ ಸುರುಳಿಯ ತಂತಿ ಎಲ್ಲೂ ಹರಿದಿಲ್ಲ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಾಗ ಮೂಗಿಗೆ ಬಡಿಯುವುದು ಮುಗ್ಗಲು ವಾಸನೆ. ಬಗ್ಗಿ ನೋಡಿ: ಬ್ಯಾಟರಿ ಸೋರಿ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಹೆಪ್ಪು ಕಟ್ಟಿದೆ. ಅಲ್ಲಿಂದ ಹೊರಟ ಹಸಿರು ಗೆರೆಯೊಂದು ಬೋರ್ಡಿನ ತಾಮ್ರದ ಹಾದಿಯನ್ನು ತಿನ್ನುತ್ತ ಐಸಿಯ ಕಾಲಿನವರೆಗೂ ಹೋಗಿದೆ.

ಈ ಯಂತ್ರಕ್ಕೆ ತೇವ ಯಾಕೆ ಇಷ್ಟು ವಿಷವೆಂದರೆ, ಇದರ ಕಿವಿ ಅಷ್ಟು ಸೂಕ್ಷ್ಮ. ಒಂದು ಸುರುಳಿ ನೆಲದೊಳಕ್ಕೆ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸುಳಿ ವಿದ್ಯುತ್ ಹುಟ್ಟುತ್ತದೆ, ಅದರ ಕ್ಷೀಣ ಮಾರುತ್ತರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿ ಸಿಕ್ಕಿಕೊಂಡ ಗುಂಡನ್ನು ಗ್ರಹಾಂ ಬೆಲ್ ಇದೇ ತತ್ತ್ವದ ಉಪಕರಣದಿಂದ ಹುಡುಕಲು ಹೋಗಿ ಸೋತರು. ಹಾಸಿಗೆಯ ಲೋಹದ ಸ್ಪ್ರಿಂಗುಗಳು ಅಡ್ಡ ಬಂದವೆಂದು ಹೇಳುತ್ತಾರೆ. ಬೋರ್ಡಿನ ಮೇಲೆ ಕೂತ ತೇವವೂ ಹೀಗೇ ಅಡ್ಡ ಬರುತ್ತದೆ. ಎರಡು ತಾಮ್ರದ ಗೆರೆಗಳ ನಡುವೆ ಕಣ್ಣಿಗೆ ಕಾಣದ ಸೇತುವೆ ಕಟ್ಟಿ, ಇಲ್ಲದ ಲೋಹವನ್ನು ಇದೆ ಎನ್ನಿಸುತ್ತದೆ.

"ಅಕ್ಕ್ಯಾಗ ಹುಗದ ಇಡ್ರಿ, ಎಲ್ಲಾ ಹೀರ್ತೈತಿ," ಎನ್ನುತ್ತಾರೆ ರೈತರು. ಬೇಡ. ಅಕ್ಕಿ ಹೀರುವುದು ಅಷ್ಟಕ್ಕಷ್ಟೆ, ಅದರ ಹಿಟ್ಟಿನ ಧೂಳು ಮಾತ್ರ ಒಳಗೆ ಉಳಿಯುತ್ತದೆ. ಮೊದಲು ಕೊಳೆ ಹೋಗಬೇಕು. ಬ್ಯಾಟರಿ ಸೋರಿದ್ದು ಕ್ಷಾರ. ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಮುಟ್ಟಿಸಿದರೆ ನೊರೆನೊರೆಯಾಗಿ ಬಿಡುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್. ಕೊನೆಗೆ ಬಾಗಲಕೋಟೆಯಿಂದ ತರಿಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕು. ಹಸಿರು ಹೋದ ಮೇಲೆ ಕೆಳಗಿನ ತಾಮ್ರದ ಗೆರೆ ಕೂದಲೆಳೆಯಷ್ಟು ಜಾಗದಲ್ಲಿ ತುಂಡಾಗಿರುವುದು ಕಾಣುತ್ತದೆ. ಎರಡೂ ತುದಿ ಕೆರೆದು ಸಣ್ಣ ತಂತಿಯೊಂದನ್ನು ಬೆಸೆಯುತ್ತೇನೆ.

ಈಗ ಒಣಗಬೇಕು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ನಡುವೆ ರಾತ್ರಿಯಿಡೀ ಇಡುತ್ತೇನೆ. ಇಲ್ಲಿ ಅವಸರ ಸಲ್ಲ. ತೇವ ಒಳಗಿರುವಾಗಲೇ ಲ್ಯಾಕರ್ ಬಳಿದರೆ ಅದನ್ನು ಒಳಗೇ ಕೂಡಿಹಾಕಿದಂತೆ, ಮುಂದೆ ಅದೇ ಬೋರ್ಡನ್ನು ತಿನ್ನುತ್ತದೆ.

ಬೆಳಿಗ್ಗೆ ಅಕ್ರಿಲಿಕ್ ಲ್ಯಾಕರ್ ತೆಳ್ಳಗೆ ಎರಡು ಕೈ. ಕನೆಕ್ಟರು, ಬ್ಯಾಟರಿಯ ಸ್ಪ್ರಿಂಗು, ತಿರುಗಿಸುವ ಟ್ರಿಮ್ಮರುಗಳಿಗೆ ಮೊದಲೇ ಟೇಪು ಸುತ್ತಿದ್ದೇನೆ. ಅವಕ್ಕೆ ಲ್ಯಾಕರ್ ತಗಲಿದರೆ ಸಂಪರ್ಕವೇ ಕೆಡುತ್ತದೆ. ಕೇಬಲ್ ಒಳಹೋಗುವ ಸಂದಿಗೆ ನ್ಯೂಟ್ರಲ್ ಸಿಲಿಕೋನ್. ಕೊಳ್ಳುವಾಗ ಮೂಸಿ ನೋಡಿ: ವಿನೆಗರ್ ವಾಸನೆ ಬರುವ ಜಾತಿಯದ್ದು ಒಣಗುತ್ತ ಆಮ್ಲ ಬಿಡುತ್ತದೆ, ಅದು ತಾಮ್ರಕ್ಕೆ ಶತ್ರು. ಕಾಯಿಲ್ ತಟ್ಟೆಯ ಅಂಚಿನ ಸೀಳಿಗೆ ಎಪಾಕ್ಸಿ ಬೇಕು. ಇಳಕಲ್ಲಿನ ಗ್ರಾನೈಟ್ ಕೆಲಸದ ಪರಿಚಯದವರೊಬ್ಬರು ಕೊಟ್ಟ, ಬಣ್ಣ ಬೆರೆಸದ ಎಪಾಕ್ಸಿ ಇದೆ. ಲೋಹದ ಪುಡಿ ಬೆರೆತದ್ದಾದರೆ ಡಿಟೆಕ್ಟರ್ ತನ್ನ ತಟ್ಟೆಯನ್ನೇ ಕಂಡು ಕೂಗುತ್ತದೆ.

ಅದು ಗಟ್ಟಿಯಾಗುವ ಹೊತ್ತಿಗೆ ಓಣಿಯ ಹುಡುಗನೊಬ್ಬ ಬಂದು ಮೆಲ್ಲಗೆ ಕೇಳುತ್ತಾನೆ, "ಐಹೊಳಿ ಕಡೆ ಒಯ್ದ್ರ ನಿಧಿ ಸಿಗ್ತೈತೇನ್ರಿ?" ಈ ಮಾತಿಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಧಿಯ ಆಸೆಗೆ ನಂದಿ, ಲಿಂಗಗಳ ಬುಡ ಅಗೆದು ಕೆಡಿಸಿದ ಗುಡಿಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕಾಯ್ದೆ ನಿಷೇಧಿಸಿದೆ. ಅದಕ್ಕೂ ಮಿಗಿಲಾಗಿ, ಐಹೊಳೆಯ ನಿಧಿ ನೆಲದಡಿ ಇಲ್ಲ. ಅಲ್ಲಿನ ಮೇಗುಟಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ, ಇಮ್ಮಡಿ ಪುಲಿಕೇಶಿಯ ಕಥೆ ಹೇಳುತ್ತ ನಿಂತಿದೆ. ಹುಡುಗನನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳುತ್ತೇನೆ. ಈ ಯಂತ್ರ ಒಡೆಯರಿರುವ, ಕಳೆದುಹೋದ ವಸ್ತುವನ್ನು ಹುಡುಕಲಿಕ್ಕೆ.

ಸಂಜೆ ಪರೀಕ್ಷೆ. ಒದ್ದೆ ಬಟ್ಟೆಯನ್ನು ತಟ್ಟೆಯ ಮೇಲೆ ಹಾಸಿದರೂ ಸದ್ದಿಲ್ಲ. ಮನೆಯಾಕೆ ಬೆಳ್ಳಿಯ ಕಾಲುಂಗುರ ಬಿಚ್ಚಿ ಕೊಡುತ್ತಾಳೆ. ಗೇಣಿನ ದೂರಕ್ಕೆ ತಂದಾಗ ಮಾತ್ರ ಒಂದೇ ಒಂದು ಸ್ಪಷ್ಟ ಬೀಪ್.

ಮರುದಿನ ಬಾದಾಮಿ ಕಡೆಯ ರೈತರ ಹೊಲಕ್ಕೆ ಹೋಗುತ್ತೇವೆ. ಉಳ್ಳಾಗಡ್ಡಿ ಕಿತ್ತಾಗಿದೆ. ಕಳೆ ತೆಗೆಯುವಾಗ ಅವರ ಸೊಸೆಯ ಬೆಂಡೋಲೆ ಬಿದ್ದದ್ದು ಇಲ್ಲೇ. ಈ ಸೀಮೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ, ನೆಲವೇ ಲೋಹದಂತೆ ಮಾತಾಡುತ್ತದೆ. ಹಾಗಾಗಿ ಲೋಹವಿಲ್ಲದ ಜಾಗ ನೋಡಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ, ಸದ್ದು ಅಡಗುವವರೆಗೆ ಗ್ರೌಂಡ್ ಬ್ಯಾಲೆನ್ಸ್ ತಿರುಗಿಸುತ್ತೇನೆ. ನಂತರ ನೆಲಕ್ಕೆ ಎರಡು ಬೆರಳು ಮೇಲೆ ಹಿಡಿದು ನಿಧಾನ ಬೀಸು. ಮೊದಲ ಸಾಲಿನ ನಡುವೆ ಬೀಪ್. ರೈತರು ಕುರ್ಚಿಗೆಯಿಂದ ಕೆದರಿ ಎತ್ತುತ್ತಾರೆ: ಎತ್ತಿನ ಲಾಳದ ಮೊಳೆ. "ಆಕಿ ಬಾವಿ ಕಡೆ ಸಾಲಿನ್ಯಾಗ ಇದ್ಲು ಅವತ್ತ," ಎಂದು ನೆನಪಿಸಿಕೊಂಡು ಮೊಳೆಯನ್ನು ಜೇಬಿಗೆ ಹಾಕುತ್ತಾರೆ. ನಾವು ಅತ್ತ ತಿರುಗುತ್ತೇವೆ.